ಹಂಗಾಮಿಗೆ ಮೊದಲು ಹಿಂದಿನ ಗಾಲಿಯ ಬ್ರೇಕು ನೋಡಿಕೊಳ್ಳಿರಿ

(ಸಭಾಸದರ ಮೇಳಾವೆಯಲ್ಲಿ ಕಾರ್ಖಾನೆಯ ವಾಹನ ವಿಭಾಗದ ನಿವೃತ್ತ ಫಿಟ್ಟರರೊಬ್ಬರು ಮಾಡಿದ ಭಾಷಣ. ಅನೇಕ ಸಭಾಸದರ ಅಪೇಕ್ಷೆಯ ಮೇರೆಗೆ ಇಲ್ಲಿ ಕೊಟ್ಟಿದೆ.)



ಕಬ್ಬಿನ ತಳಿ, ಗೊಬ್ಬರ, ನೀರು ಇವುಗಳ ವಿಷಯ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಾನು ಪಾನಾ ಹಿಡಿದು ಬಾಳಿದವನು. ನನಗೆ ಗೊತ್ತಿದ್ದುದನ್ನು ನಾನು ಹೇಳುತ್ತೇನೆ. ಹಂಗಾಮು ಹತ್ತಿರ ಬಂತು. ಇನ್ನು ಮುಂದೆ ನಮ್ಮ ರಸ್ತೆಗಳ ಮೇಲೆ ಹಗಲು ರಾತ್ರಿ ಕಬ್ಬಿನ ಚಕ್ಕಡಿ, ಟ್ರ್ಯಾಕ್ಟರು, ಟ್ರಕ್ಕುಗಳು. ಅವುಗಳ ನಡುವೆಯೇ ನಮ್ಮ ಮನೆಯ ಹಳೆಯ ಜೀಪು, ವ್ಯಾನು, ಪಿಕಪ್ಪು ಓಡಬೇಕು. ದಸರೆಗೆ ಗಾಡಿ ತೊಳೆದು, ಹಾರ ಹಾಕಿ ಪೂಜೆ ಮಾಡುತ್ತೇವೆ. ಆದರೆ ಹಿಂದಿನ ಗಾಲಿಯ ಡ್ರಮ್ಮಿನೊಳಗೆ ಏನಾಗಿದೆ ಎಂದು ಎಷ್ಟು ಜನ ನೋಡುತ್ತೇವೆ?

ನಾನು ಕೆಲಸ ಕಲಿಯುತ್ತಿದ್ದ ಕಾಲದ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಮ್ಮ ಮನೆಯ ಜೀಪಿನ ಹಿಂದಿನ ಎಡಗಾಲಿಯಲ್ಲಿ ಕಬ್ಬಿಣ ತಿಕ್ಕಿದಂಥ ಸದ್ದು ಬರುತ್ತಿತ್ತು. ಎಡಗಡೆಯ ಡ್ರಮ್ಮು ಬಿಚ್ಚಿ ಹೊಸ ಶೂ ಹಾಕಿದೆ. ಬಲಗಡೆ ಸದ್ದಿಲ್ಲ ಎಂದು ಅದನ್ನು ಮುಟ್ಟಲಿಲ್ಲ. ಸಂಜೆ ತಾಯಿಯವರನ್ನು ಕೂಡಿಸಿಕೊಂಡು ಹೊರಟೆ. ಮುಂದೆ ಕಬ್ಬು ತುಂಬಿದ ಚಕ್ಕಡಿ. ಬ್ರೇಕು ಒತ್ತಿದಾಗ ಎಡಗಾಲಿ ಹಿಡಿಯಿತು, ಬಲಗಾಲಿ ಹಿಡಿಯಲಿಲ್ಲ. ಜೀಪು ಎಡಕ್ಕೆ ಎಳೆದು ರಸ್ತೆ ಬಿಟ್ಟು ತಗ್ಗಿಗೆ ಇಳಿಯಿತು. ತಾಯಿಯವರ ಹಣೆಗೆ ಪೆಟ್ಟಾಯಿತು. ದೇವರ ದಯೆಯಿಂದ ಅಷ್ಟಕ್ಕೇ ಮುಗಿಯಿತು. ಮರುದಿನ ಬಲಗಡೆಯ ಡ್ರಮ್ಮು ಬಿಚ್ಚಿ ನೋಡಿದರೆ, ಆಕ್ಸಲಿನ ಸೀಲು ಹೋಗಿ ಗೇರ್ ಎಣ್ಣೆ ಲೈನರಿಗೆಲ್ಲ ಹತ್ತಿತ್ತು. ಸದ್ದು ಮಾಡದ ಗಾಲಿಯೇ ಹೆಚ್ಚು ಕೆಟ್ಟಿತ್ತು. ಆದ್ದರಿಂದ ಇಂದಿನ ನನ್ನ ಮಾತಿನ ಸಾರ ಇದು: ಹಿಂದಿನ ಬ್ರೇಕು ಬದಲಿಸುವುದಾದರೆ ಎರಡೂ ಬದಿ ಬದಲಿಸಬೇಕು, ಬಿಚ್ಚುವುದು ಮಾತ್ರ ಒಂದಾದ ಮೇಲೆ ಒಂದು.

ಡ್ರಮ್ಮು ಎಂದರೆ ಗಾಲಿಯ ಸಂಗಡ ತಿರುಗುವ ಕಬ್ಬಿಣದ ಬೋಗುಣಿ. ಅದರೊಳಗೆ ಅರ್ಧಚಂದ್ರದ ಹಾಗೆ ಎರಡು ಶೂ. ಪೆಡಲು ಒತ್ತಿದಾಗ ವೀಲ್ ಸಿಲಿಂಡರು ಅವನ್ನು ಅಗಲಿಸಿ ಬೋಗುಣಿಯ ಒಳಮೈಗೆ ಒತ್ತುತ್ತದೆ. ಶೂಗಳ ಮೇಲಿನ ಲೈನರು ಸವೆಯುತ್ತದೆ. ಇಷ್ಟೇ ಯಂತ್ರ. ಟ್ರಕ್ಕಿನ ಹವಾ ಬ್ರೇಕು, ಟ್ರ್ಯಾಕ್ಟರಿನ ಬ್ರೇಕು ಬೇರೆ. ಅವುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಮೊದಲು ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿರಿ. ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿರಿ. ಹ್ಯಾಂಡ್ ಬ್ರೇಕು ಹಾಕಿದೆ ಎಂದು ನಂಬಬೇಡಿರಿ. ಹಿಂದಿನ ಗಾಲಿಯಲ್ಲಿ ಹ್ಯಾಂಡ್ ಬ್ರೇಕು ಇರುವ ಗಾಡಿಗಳಲ್ಲಿ, ಡ್ರಮ್ಮು ಬಿಚ್ಚಬೇಕಾದರೆ ಅದನ್ನು ಸಡಿಲು ಬಿಡಲೇಬೇಕು. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಗಾಲಿಯಲ್ಲಿಲ್ಲ, ಗೇರ್ ಪೆಟ್ಟಿಗೆಯ ಹಿಂದೆ ಶಾಫ್ಟಿನ ಮೇಲೆ ಇದೆ. ಅಂಥ ಜೀಪಿನ ಹಿಂದಿನ ಒಂದು ಗಾಲಿ ಎತ್ತಿದೊಡನೆ, ಡಿಫರೆನ್ಷಿಯಲ್ಲಿನಿಂದಾಗಿ ನೆಲದ ಮೇಲಿನ ಇನ್ನೊಂದು ಗಾಲಿ ಉರುಳಬಲ್ಲದು. ಹ್ಯಾಂಡ್ ಬ್ರೇಕು ಹಾಕಿದ್ದರೂ ಗಾಡಿ ಜ್ಯಾಕಿನಿಂದ ಇಳಿಯುತ್ತದೆ. ಆಕ್ಸಲಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಡದೆ ಕೈ ಹಾಕಬೇಡಿರಿ. ಇಟ್ಟಂಗಿ ಜೋಡಿಸಬೇಡಿರಿ, ಭಾರಕ್ಕೆ ಇಟ್ಟಂಗಿ ಒಮ್ಮೆಲೇ ಒಡೆಯುತ್ತದೆ. ಗಾಲಿಯ ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿರಿ.

ಡ್ರಮ್ಮು ಬರದಿದ್ದರೆ ಸುತ್ತಿಗೆ ಎತ್ತಬೇಡಿರಿ. ಸವೆದ ಡ್ರಮ್ಮಿನ ಅಂಚಿಗೆ ಶೂ ಸಿಕ್ಕಿಕೊಂಡಿರುತ್ತದೆ. ಅಡ್ಜಸ್ಟರು ಸಡಿಲಿಸಿದರೆ ಬರುತ್ತದೆ. ಕೆಲವು ಡ್ರಮ್ಮುಗಳಲ್ಲಿ ಥ್ರೆಡ್ಡಿನ ಎರಡು ತೂತುಗಳಿರುತ್ತವೆ. ಅವುಗಳಲ್ಲಿ ಬೋಲ್ಟು ಹಾಕಿ ಸಮವಾಗಿ ಬಿಗಿದರೆ ತಾನೇ ಹೊರಬರುತ್ತದೆ. ಕೆಲವು ಹಳೆಯ ಜೀಪುಗಳಲ್ಲಿ ಡ್ರಮ್ಮು, ಹಬ್ಬು ಎರಡೂ ಆಕ್ಸಲಿನ ತುದಿಗೆ ಬಿಗಿದು ಕೂತಿರುತ್ತವೆ. ಅದಕ್ಕೆ ಪುಲ್ಲರು ಬೇಕು. ಅದು ಇಲ್ಲದವರು ಗ್ಯಾರೇಜಿಗೆ ಒಯ್ಯುವುದೇ ಒಳ್ಳೆಯದು.

ಡ್ರಮ್ಮಿನೊಳಗಿನ ಕರಿ ಧೂಳನ್ನು ಬಾಯಿಂದ ಊದಬೇಡಿರಿ, ಹವಾ ಹೊಡೆಯಲೂ ಬೇಡಿರಿ. ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಅದರ ಧೂಳು ಶ್ವಾಸಕೋಶ ಸೇರಿದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ನಾವು ಫಿಟ್ಟರರು ಇದನ್ನು ತಿಳಿಯದೆ ಬಹಳ ವರ್ಷ ಊದಿದೆವು. ನೀವು ಸಾಬೂನು ನೀರು ಹಾಕಿ ತೋಯಿಸಿ, ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿರಿ. ಮಕ್ಕಳು ಹತ್ತಿರ ಇರಬಾರದು.

ಇನ್ನು ಬಿಚ್ಚುವ ಮೊದಲು ನೋಡಿರಿ. ಯಾವ ಸ್ಪ್ರಿಂಗು ಯಾವ ತೂತಿಗೆ, ಯಾವ ಶೂ ಮುಂದೆ, ಯಾವುದು ಹಿಂದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿರಿ. ಕೆಲವು ಗಾಡಿಗಳಲ್ಲಿ ಒಂದು ಶೂವಿನ ಲೈನರು ಗಿಡ್ಡ, ಇನ್ನೊಂದರದು ಉದ್ದ. ಅಂಥಲ್ಲಿ ಸಾಮಾನ್ಯವಾಗಿ ಗಿಡ್ಡದ್ದು ಗಾಡಿಯ ಮುಂಬದಿಗೆ ಇರುತ್ತದೆ. ಅದಲು ಬದಲಾದರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಂದು ಬದಿಯನ್ನು ಬಿಚ್ಚದೆ ಇಟ್ಟಿದ್ದರೆ ಅನುಮಾನ ಬಂದಾಗ ಅದೇ ನಿಮ್ಮ ನಕ್ಷೆ. ಸ್ಪ್ರಿಂಗು ಸಿಡಿದು ಕಣ್ಣಿಗೆ ಬಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿರಿ. ಡ್ರಮ್ಮು ಹೊರಗಿರುವಾಗ ಯಾರೂ ಪೆಡಲು ಒತ್ತಬಾರದು; ಒತ್ತಿದರೆ ಸಿಲಿಂಡರಿನ ಪಿಸ್ಟನ್ನು ಹೊರಗೆ ಬೀಳುತ್ತದೆ.

ಲೈನರು ಎಷ್ಟು ಉಳಿಯಬೇಕು ಎಂಬುದಕ್ಕೆ ಗಾಡಿಯ ಪುಸ್ತಕವೇ ಪ್ರಮಾಣ. ಪುಸ್ತಕ ಇಲ್ಲದಿದ್ದರೆ, ರಿವೆಟ್ಟಿನ ತಲೆಯ ಮೇಲೆ 1 ಮಿ.ಮೀ. ಮಾತ್ರ ಉಳಿದಿದ್ದರೆ ಬದಲಿಸಿರಿ. ಎಣ್ಣೆ ಹತ್ತಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಒಳಗೆ ಇಂಗಿದ ಎಣ್ಣೆ ಕಾದಾಗ ಮತ್ತೆ ಹೊರಬರುತ್ತದೆ. ಸಿಲಿಂಡರಿನ ರಬ್ಬರು ಟೊಪ್ಪಿಗೆಯ ಅಂಚು ಎತ್ತಿ ನೋಡಿರಿ. ಒಳಗೆ ಹಸಿ ಇದ್ದರೆ ಸಿಲಿಂಡರು ಸೋರುತ್ತಿದೆ. ಡ್ರಮ್ಮಿನ ಒಳಮೈಯಲ್ಲಿ ಬಿರುಕು ಇದ್ದರೆ ಅದು ಗುಜರಿಗೆ. ಗೀರು ಬಿದ್ದಿದ್ದರೆ ಲೇತಿನ ಮೇಲೆ ಹಿಡಿಸಬಹುದು. ಆದರೆ ಬಹಳ ಡ್ರಮ್ಮುಗಳ ಮೇಲೆ ಗರಿಷ್ಠ ವ್ಯಾಸ ಅಚ್ಚಾಗಿರುತ್ತದೆ, ಅದನ್ನು ದಾಟಬಾರದು.

ಹೊಸ ಶೂ ಕೂಡಿಸುವಾಗ ಹಿಂದಿನ ತಗಡಿಗೆ ಶೂ ತಾಗುವ ಕಡೆ ಮಾತ್ರ, ಶಾಖ ತಾಳುವ ಗ್ರೀಸು ಬೆರಳ ತುದಿಯಷ್ಟು ಹಚ್ಚಿರಿ. ಗ್ರೀಸಿನ ಕೈಯಿಂದ ಲೈನರು ಮುಟ್ಟಬೇಡಿರಿ. ಡ್ರಮ್ಮು ಹಾಕಿ, ಗಾಲಿ ತಿರುಗಿಸಿದಾಗ ಲೈನರು ತುಸು ಸವರುವವರೆಗೆ ಅಡ್ಜಸ್ಟರು ಬಿಗಿದು, ಗಾಲಿ ಸರಾಗವಾಗಿ ತಿರುಗುವಷ್ಟು ಹಿಂದೆ ಬಿಡಿರಿ. ಇನ್ನೊಂದು ಬದಿಯನ್ನೂ ಇದೇ ರೀತಿ ಮುಗಿಸಿ ಎರಡೂ ಸಮ ಮಾಡಿರಿ. ಹ್ಯಾಂಡ್ ಬ್ರೇಕಿನ ತಂತಿ ಕೊನೆಗೆ. ಗಾಡಿ ಇಳಿಸಿದ ಮೇಲೆ ನಟ್ಟುಗಳನ್ನು ಎದುರುಬದುರು ಬಿಗಿಯಿರಿ.

ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ. ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಏನು ಬರೆದಿದೆಯೋ ಅದನ್ನೇ ಹಾಕಿರಿ. ಅದು ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಹೋದ ವರ್ಷ ತೆರೆದಿಟ್ಟ ಬಾಟಲಿ ಬೇಡ.

ಕೊನೆಗೆ ಪರೀಕ್ಷೆ. ಗಾಡಿ ಹೊರಡಿಸುವ ಮೊದಲೇ ಪೆಡಲನ್ನು ಹತ್ತಾರು ಸಲ ಒತ್ತಿರಿ. ಗಟ್ಟಿಯಾಗಿ ನಿಲ್ಲಬೇಕು. ಮೆತ್ತಗಿದ್ದರೆ ಕೊಳವೆಯಲ್ಲಿ ಹವಾ ಇದೆ. ಅದನ್ನು ತೆಗೆಸದೆ ಗಾಡಿ ಕದಲಿಸಬೇಡಿರಿ. ಆಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿರಿ. ಒಂದು ಬದಿಗೆ ಎಳೆದರೆ ಮತ್ತೆ ಬಿಚ್ಚಿರಿ. ಹೊಸ ಲೈನರು ಡ್ರಮ್ಮಿಗೆ ಹೊಂದುವವರೆಗೆ ಕೆಲವು ದಿನ ಭಾರ ಹೇರಬೇಡಿರಿ, ಮುಂದಿನ ಗಾಡಿಯಿಂದ ದೂರ ಇರಿರಿ.

ಬಂಧುಗಳೇ, ಸಿಲಿಂಡರು ಸೋರುತ್ತಿದ್ದರೆ, ಆಕ್ಸಲಿನ ಸೀಲು ಹೋಗಿದ್ದರೆ, ಡ್ರಮ್ಮು ಕೆಟ್ಟಿದ್ದರೆ, ಪೆಡಲು ಮೆತ್ತಗಿದ್ದರೆ ಅಲ್ಲಿಗೆ ಕೈ ನಿಲ್ಲಿಸಿ ಬಲ್ಲ ಮಿಸ್ತ್ರಿಯನ್ನು ಕರೆಯಿರಿ. ಅದರಲ್ಲಿ ನಾಚಿಕೆಯಿಲ್ಲ. ಕಟಾವಿನ ಅವಸರದಲ್ಲಿ ನಾಳೆ ನೋಡೋಣ ಎನ್ನಬೇಡಿರಿ. ನಮ್ಮ ಗಾಡಿಯ ಮುಂದೆ ಹೋಗುವ ಚಕ್ಕಡಿಯೂ ನಮ್ಮಂಥ ರೈತನದೇ.