ಬಾದಾಮಿ ಗುಡ್ಡಕ್ಕೆ ಸೈಕಲ್ ಸಜ್ಜು ಮಾಡೋದು ಹೇಗೆ? – ಪಾಡ್‌ಕಾಸ್ಟ್ ಪಠ್ಯ

ನಾನು ಇಳಕಲ್‌ನವ. ಇವತ್ತು ಸೈಕಲ್ ಬಗ್ಗೆ ಮಾತಾಡ್ತೀನಿ. ರೇಸ್ ಸೈಕಲ್ ಅಲ್ಲ. ನಮ್ಮ ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆ ಹುಡುಗ-ಹುಡುಗಿಯರು ರೇಸ್‌ನಲ್ಲಿ ಮೆಡಲ್ ತರೋದು ನಿಮಗೆಲ್ಲ ಗೊತ್ತೇ ಇದೆ. ನಾನು ಹೇಳ್ತಿರೋದು ಬೈಕ್‌ಪ್ಯಾಕಿಂಗ್. ಅಂದ್ರೆ ಗುಡ್ಡದ ಸೈಕಲ್ ಮೇಲೆ ಹಾಸಿಗೆ, ನೀರು, ಊಟ ಕಟ್ಟಿಕೊಂಡು ಟಾರ್ ರಸ್ತೆ ಬಿಟ್ಟು ಎರಡು ಮೂರು ದಿನ ಹೋಗೋದು.

ಸಜ್ಜು ಹೇಗೆ ಮಾಡಬೇಕು ಅಂತ ಹೇಳೋಕೆ ಮೊದಲು, ನಾನು ಹೇಗೆ ಕೆಡಿಸಿದೆ ಅಂತ ಹೇಳಬೇಕು.

ಮಾರ್ಚ್ ತಿಂಗಳ ಕೊನೆ. ನಮ್ಮ ಕಾಕಾನ ಮಗ ಬಾಗಲಕೋಟೆ ನವನಗರದಿಂದ ಸೈಕಲ್ ಹೊಡ್ಕೊಂಡೇ ಬಾದಾಮಿಗೆ ಬಂದ. ನಾನು ಇಳಕಲ್‌ನಿಂದ ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಿ ಬಂದೆ. ನಮ್ಮ ಪ್ಲಾನ್ ಹೀಗಿತ್ತು: ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಆಮೇಲೆ ನಮ್ಮೂರು. ಬಾದಾಮಿಯ ಅಗಸ್ತ್ಯ ತೀರ್ಥದ ಹಿಂದಿನಿಂದ ಗುಡ್ಡ ಹತ್ತಿ ಮಹಾಕೂಟಕ್ಕೆ ಹಳೇ ಕಾಲುದಾರಿ ಇದೆ. ಕಲ್ಲು, ಮೆಟ್ಟಿಲು, ಮತ್ತೆ ಕಲ್ಲು. ಅಲ್ಲಿ ಸೈಕಲ್ ನಿಮ್ಮನ್ನ ಹೊರೋದಿಲ್ಲ, ನೀವೇ ಸೈಕಲ್ ಹೊರಬೇಕು. ಮಹಾಕೂಟದ ಪುಷ್ಕರಣಿ ಹತ್ತಿರ ಕೂತು ಬುತ್ತಿ ಬಿಚ್ಚಿ ಉಂಡ್ವಿ. ಅಲ್ಲೀತನಕ ಎಲ್ಲ ಛಲೋನೇ ಇತ್ತು.

ಪಟ್ಟದಕಲ್ಲು ದಾಟಿದ ಮೇಲೆ ರಸ್ತೆ ಬಿಟ್ಟು ಗುಡ್ಡದ ಅಂಚು ಹಿಡಿದ್ವಿ. ಒಂದು ತಾಸು ಕಲ್ಲಿನ ಮೇಲೆ ದಡಬಡ. ಹನ್ನೆರಡರ ಸುಮಾರಿಗೆ ಅವನು ನಿಂತು, ‘ಅಣ್ಣಾ, ನೀರು ಕೊಡು’ ಅಂದ. ಕೈ ಕೆಳಗೆ ಹಾಕಿ ನೋಡಿದ್ರೆ ಬಾಟಲಿ ಇಲ್ಲ. ಬಾಟಲಿ ಹಿಡಿಯೋ ಸ್ಟ್ಯಾಂಡೇ ಇಲ್ಲ! ಎರಡು ಸ್ಕ್ರೂನಲ್ಲಿ ಒಂದು ಕಿತ್ತು ಹೋಗಿದೆ, ಇನ್ನೊಂದು ಅರ್ಧ ಮುರಿದು ಫ್ರೇಮ್ ಒಳಗೇ ಉಳಿದಿದೆ. ಎರಡು ಲೀಟರ್ ಬಾಟಲಿ ಎಲ್ಲಿ ಬಿತ್ತೋ ಸದ್ದೇ ಕೇಳಿಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದ್ದ ಇನ್ನೊಂದು ಬಾಟಲಿ ಕಲ್ಲಿಗೆ ತಿಕ್ಕಿ ತಿಕ್ಕಿ ತೂತಾಗಿ, ಹಾಸಿಗೆ ನೆನೆದಿತ್ತು. ಅವನ ಹತ್ತಿರ ಅರ್ಧ ಲೀಟರ್ ಉಳಿದಿತ್ತು. ಬಿಸಿಲು ಅಂದ್ರೆ ನಮ್ಮ ಕಡೆ ಮಾರ್ಚ್ ಬಿಸಿಲು, ನಿಮಗೆ ಹೇಳಬೇಕಾಗಿಲ್ಲ. ಮಲಪ್ರಭೆಯಲ್ಲಿ ಅಲ್ಲೊಂದು ಇಲ್ಲೊಂದು ಮಡು ಬಿಟ್ರೆ ನೀರಿಲ್ಲ, ನದಿ ದೂರಾನೂ ಇತ್ತು.

ಅರ್ಧ ತಾಸಿಗೆ ಅವನಿಗೆ ವಾಂತಿ ಶುರುವಾಯ್ತು. ಕಾಲು ಹಿಡ್ಕೊಂಡ್ವು. ನಾನು ಏನು ಕೇಳಿದ್ರೂ ಉತ್ತರ ತಡವಾಗಿ ಬರ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಆ ಹೊತ್ತಿಗೆ ಕುರಿ ಕಾಯೋ ಒಬ್ಬ ಯಜಮಾನರು ಬಂದ್ರು. ‘ತಮ್ಮಾ, ಮೊದಲ ನೆಳ್ಳಿಗೆ ಕೂಡಿಸು ಅವನ್ನ. ಅಂಗಿ ಬಿಚ್ಚು’ ಅಂದ್ರು. ತಮ್ಮ ನೀರು, ಮಜ್ಜಿಗೆ ಎರಡೂ ಕೊಟ್ರು, ಟವೆಲ್ ತೊಯ್ಸಿ ಕುತ್ತಿಗೆಗೆ ಸುತ್ತಿದ್ರು. ಸಂಜೆ ಟಂಟಂ ಹಿಡಿದು ಆಸ್ಪತ್ರೆಗೆ ಹೋದ್ವಿ, ಸಲೈನ್ ಹಚ್ಚಿದ್ರು. ಬದುಕಿದ. ಕಾಕಾ ಮಾತ್ರ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಮನೆಗೆ ಬಂದು ಸೈಕಲ್ ಬಿಚ್ಚಿಟ್ಟು ಕೂತೆ. ಅಮೆರಿಕದವರ ವಿಡಿಯೋ ನೋಡಿ ನೋಡಿ ನಾನು ಟೆಂಟ್, ಸ್ಟೋವ್, ಕಾಫಿ ಕಪ್ ಅಂತ ಯೋಚನೆ ಮಾಡಿದ್ದೆ. ಹದಿನಾಲ್ಕು ಕೆಜಿ ಸಾಮಾನು ಹಿಂದಿನ ಕ್ಯಾರಿಯರ್ ಮೇಲೆ ಗುಡ್ಡೆ ಹಾಕಿದ್ದೆ. ಎಲ್ಲಕ್ಕಿಂತ ಭಾರದ್ದು, ಎಲ್ಲಕ್ಕಿಂತ ಮುಖ್ಯದ್ದು ನೀರು. ಅದನ್ನ ಎರಡು ಸಣ್ಣ ಸ್ಕ್ರೂಗೆ ನೇತು ಹಾಕಿದ್ದೆ. ಹಾಗಾಗಿ ನಾನೀಗ ಸಜ್ಜು ಶುರು ಮಾಡೋದೇ ನೀರಿನಿಂದ. ನೀರು ಎಲ್ಲಿ ಕೂಡ್ತದೆ ಅಂತ ಮೊದಲು ನಿರ್ಧಾರ ಆಗಬೇಕು, ಉಳಿದ ಸಾಮಾನು ಉಳಿದ ಜಾಗದಲ್ಲಿ.

ಈ ಕಟ್ಟೋ ವಿದ್ಯೆ ಹೊಸದೇನಲ್ಲ. 1897ರಲ್ಲಿ ಅಮೆರಿಕ ಸೈನ್ಯದ 25ನೇ ಇನ್‌ಫೆಂಟ್ರಿಯ ಕಪ್ಪು ಸೈನಿಕರ ಒಂದು ತಂಡ ಮೊಂಟಾನಾದ ಮಿಸೂಲಾದಿಂದ ಸೇಂಟ್ ಲೂಯಿಸ್‌ವರೆಗೆ, ಜೂನ್ 14ರಿಂದ ಜುಲೈ 24ರತನಕ, ಸುಮಾರು 3,000 ಕಿಲೋಮೀಟರ್ ಸೈಕಲ್ ಹೊಡೀತು. ಅವರ ಫೋಟೋಗಳನ್ನ ಹುಡುಕಿ ನೋಡ್ರಿ. ಹ್ಯಾಂಡಲ್ ಮುಂದೆ ಸುತ್ತಿದ ಹಾಸಿಗೆ, ಫ್ರೇಮಿನ ತ್ರಿಕೋನದೊಳಗೆ ಗಟ್ಟಿ ಪೆಟ್ಟಿಗೆ. ಇವತ್ತು ಸಾವಿರಾರು ರೂಪಾಯಿಗೆ ಮಾರೋ ಬ್ಯಾಗ್‌ಗಳ ಜಾಗಾನೂ ಅದೇ. ಅವರನ್ನ ಕಾಡಿದ್ದೂ ಅಂಟು ಮಣ್ಣೇ, ಆ ಮಾತಿಗೆ ಆಮೇಲೆ ಬರ್ತೀನಿ.

ಫ್ರೇಮ್ ಬ್ಯಾಗ್ ನಾನು ಕೊಳ್ಳಲಿಲ್ಲ, ಹೊಲಿಸಿದೆ. ನಮ್ಮೂರಲ್ಲಿ ಗ್ರಾನೈಟ್ ಲಾರಿಗಳು ಬಹಳ, ಹಾಗಾಗಿ ತಾಡಪತ್ರಿ ಹೊಲಿಯೋರು ಸಿಗ್ತಾರೆ. ರಟ್ಟಿನ ಡಬ್ಬಿ ಕತ್ತರಿಸಿ ಫ್ರೇಮಿನ ತ್ರಿಕೋನಕ್ಕೆ ಸರಿಯಾಗಿ ಕೂರೋ ಹಾಗೆ ಅಳತೆ ತಗೊಂಡೆ, ಸುತ್ತಲೂ ಒಂದು ಸೆಂಟಿಮೀಟರ್ ಬಿಟ್ಟೆ. ಅಗಲ ಆರು ಸೆಂಟಿಮೀಟರ್, ಅದಕ್ಕಿಂತ ಹೆಚ್ಚಾದ್ರೆ ಪೆಡಲ್ ತುಳಿಯುವಾಗ ಮೊಣಕಾಲು ತಿಕ್ತದೆ. 450 ರೂಪಾಯಿ ಆಯ್ತು. ನಮ್ಮವ್ವ ಮಗ್ಗದಲ್ಲಿ ಸೀರೆ ನೇಯ್ತಾಳೆ. ಬ್ಯಾಗ್ ಕಟ್ಟಿದ್ದು ನೋಡಿ, ‘ಹಾಸು ಸಡಿಲಾದ್ರ ಸೀರಿನ ಕೆಡ್ತೈತಿ. ಈ ಪಟ್ಟಿ ಬಿಗಿ ಮಾಡು’ ಅಂದಳು. ಸರಿಯಾಗೇ ಹೇಳಿದ್ದಳು. ಮೊದಲ ಹತ್ತು ಕಿಲೋಮೀಟರ್ ಆದ ಮೇಲೆ ಎಲ್ಲ ಪಟ್ಟಿ ಸಡಿಲ ಆಗ್ತವೆ, ನಿಂತು ಮತ್ತೆ ಬಿಗಿ ಮಾಡಲೇಬೇಕು. ಪಟ್ಟಿ ಸಾಲದಿದ್ರೆ ಹಳೇ ಟ್ಯೂಬ್ ಉದ್ದಕ್ಕೆ ಸೀಳಿ ಕಟ್ಟಿ, ಅದು ಜಾರೋದಿಲ್ಲ.

ಈಗ ಫ್ರೇಮ್ ಬ್ಯಾಗಿನ ತಳದಲ್ಲಿ ಮೂರು ಲೀಟರ್ ನೀರು, ಜೊತೆಗೆ ಪಾನಾ, ಪಂಪು. ಭಾರ ಎಲ್ಲ ನಡುವೆ, ಕೆಳಗೆ. ಮುಂದಿನ ಫೋರ್ಕಿನ ಎರಡೂ ಕಾಲಿಗೆ ಒಂದೊಂದು ಲೀಟರ್. ಇದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿಗೆ ಹಾಕೋ ಸ್ಟೀಲ್ ಕ್ಲಾಂಪ್ ಸಿಗ್ತದೆ. ಅದರ ಕೆಳಗೆ ಟ್ಯೂಬಿನ ತುಂಡು ಸುತ್ತಿ ಬಿಗಿ ಮಾಡಿದೆ. ಶಾಕಪ್ ಇರೋ ಫೋರ್ಕ್ ಆದ್ರೆ ಕೆಳಗಿನ ದಪ್ಪ ಕಾಲಿಗೇ ಕಟ್ಟಬೇಕು. ಕಟ್ಟಿದ ಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ ಬಲಕ್ಕೆ ತಿರುಗಿಸಿ, ಫೋರ್ಕ್ ಒತ್ತಿ ನೋಡ್ರಿ, ಬಾಟಲಿ ಎಲ್ಲೂ ತಾಗಬಾರದು. ಹ್ಯಾಂಡಲ್ ಹತ್ತಿರದ ಸಣ್ಣ ಚೀಲದಲ್ಲಿ ಇನ್ನೊಂದು ಲೀಟರ್, ಅದು ಕುಡಿಯೋಕೆ. ಒಟ್ಟು ಆರು. ಆರು ಕೆಜಿ ನೀರೇ ಆಯ್ತು, ಅದಕ್ಕೇ ಟೆಂಟ್ ಬಿಟ್ಟೆ. ಹಾಸಿಗೆ ಮತ್ತು ಹೊದಿಕೆ ಹ್ಯಾಂಡಲ್ ಮುಂದೆ, ಬಟ್ಟೆ ಸೀಟಿನ ಹಿಂದೆ. ಹಿಂದಿನ ಕ್ಯಾರಿಯರ್ ತೆಗೆದೇಬಿಟ್ಟೆ. ಟಾರ್ ರಸ್ತೆಗೆ ಅದು ಛಲೋ, ಮೆಟ್ಟಿಲ ಮೇಲೆ ಸೈಕಲ್ ಹೊರೋವಾಗ ಹಿಂದೆ ಜಗ್ತದೆ.

ಇನ್ನು ಮುಳ್ಳು. ನಮ್ಮ ಜಿಲ್ಲೆಯಲ್ಲಿ ಬೈಕ್‌ಪ್ಯಾಕಿಂಗ್ ಮಾಡೋರಿಗೆ ದೊಡ್ಡ ವೈರಿ ಚಿರತೆ ಅಲ್ರೀ, ಬಳ್ಳಾರಿ ಜಾಲಿ. ಹೊಲದ ಬೇಲಿಗೆ ಹಾಕಿದ ಕಂಟಿ ದಾರಿ ಮೇಲೆ ಬಿದ್ದಿರ್ತದೆ, ಚಪ್ಪಲಿಯನ್ನೇ ತೂತು ಮಾಡೋ ಮುಳ್ಳು ಅದು. ಬಯಲಿಗೆ ಬಂದ್ರೆ ನೆಗ್ಗಿನ ಮುಳ್ಳು. ಮೊದಲ ಟ್ರಿಪ್‌ನಲ್ಲಿ ಒಂದೇ ದಿನ ಏಳು ಪಂಕ್ಚರ್ ತೆಗೆದಿದ್ದೀನಿ. ರಿಮ್ ಮತ್ತು ಟೈರ್ ಎರಡೂ ಟ್ಯೂಬ್‌ಲೆಸ್‌ಗೆ ಒಪ್ಪೋವಂಥವು ಇದ್ರೆ ಬೇರೆ ಯೋಚನೆ ಬೇಡ, ಸೀಲಂಟ್ ಹಾಕಿ ಟ್ಯೂಬ್‌ಲೆಸ್ ಮಾಡಿಸಿ. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗ್ತದೆ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ನನ್ನದು ಹದಿನಾರು ಸಾವಿರದ ಸೈಕಲ್, ರಿಮ್ ಒಪ್ಪೋದಿಲ್ಲ. ಅದಕ್ಕೆ ಟ್ಯೂಬ್ ಒಳಗೇ ಸೀಲಂಟ್ ಹಾಕಿದೆ, ಟೈರ್ ಮತ್ತು ಟ್ಯೂಬ್ ನಡುವೆ ಹಳೇ ಟ್ಯೂಬ್ ಸೀಳಿ ಪಟ್ಟಿ ಹಾಗೆ ಹಾಸಿದೆ. ಸೈಕಲ್ ಸ್ವಲ್ಪ ಭಾರ ಆಯ್ತು, ಏಳು ಪಂಕ್ಚರ್ ಒಂದಕ್ಕೆ ಇಳೀತು. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕೋ ಮೊದಲು ಟೈರಿನ ಒಳಗೆ ಅರಿವೆ ತುಂಡು ಆಡಿಸಿ ನೋಡ್ರಿ, ಮುರಿದ ಮುಳ್ಳಿನ ತುದಿ ಇದ್ರೆ ಅರಿವೆಗೆ ಸಿಕ್ಕೊಳ್ತದೆ. ಬರೀ ಬೆರಳು ಹಾಕಿದ್ರೆ ಬೆರಳಿಗೆ ಸಿಗ್ತದೆ, ಅಷ್ಟೇ.

ವಾಲ್ವ್ ವಿಷಯ ಯಾರೂ ಹೇಳೋದಿಲ್ಲ. ದುಬಾರಿ ಸೈಕಲ್‌ಗಳಲ್ಲಿ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇರ್ತದೆ. ಅಮೀನಗಡದಲ್ಲೋ ಹುನಗುಂದದಲ್ಲೋ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಬೈಕು, ಕಾರಿಗೆ ಗಾಳಿ ಹಾಕೋ ಪೈಪ್ ಅದಕ್ಕೆ ಕೂಡೋದಿಲ್ಲ. ಹಿತ್ತಾಳೆಯ ಒಂದು ಸಣ್ಣ ಅಡಾಪ್ಟರ್ ವಾಲ್ವಿಗೇ ತಿರುವಿ ಇಟ್ಟುಬಿಡಿ. ಗಾಳಿ ಎಷ್ಟು ಅಂತ ಕೇಳ್ತೀರಿ. ನನ್ನ ತೂಕ 66 ಕೆಜಿ, ಟೈರ್ 2.1 ಇಂಚು, ಸಾಮಾನು ಸೇರಿಸಿ ಮುಂದೆ 30, ಹಿಂದೆ 34 ಪಿಎಸ್‌ಐ. ಕಲ್ಲಿನ ಮೇಲೆ ಗಟ್ಟಿ ಟೈರ್ ಪುಟಿತದೆ. ಗಾಳಿ ತೀರಾ ಕಡಿಮೆ ಮಾಡಿದ್ರೆ ರಿಮ್ಮಿಗೆ ಬಡಿದು ಟ್ಯೂಬಿಗೆ ಎರಡು ತೂತು ಬೀಳ್ತವೆ.

ಬ್ರೇಕ್ ಕೇಬಲ್ಲಿನ ಡಿಸ್ಕ್ ಇದ್ರೆ ಸಾಕು, ಕೇಬಲ್ ಯಾವ ಊರಲ್ಲಾದ್ರೂ ಸಿಗ್ತದೆ. ಬ್ರೇಕ್ ಪ್ಯಾಡ್ ಮಾತ್ರ ಒಂದು ಜೊತೆ ಒಯ್ಯಿರಿ. ಗೇರಲ್ಲಿ ಮುಂದಿನ ಅತಿ ಸಣ್ಣ ಚಕ್ರ ಬಿಚ್ಚಿಸಬೇಡಿ, ಸ್ಟೈಲ್‌ಗೋಸ್ಕರ ಒಂದೇ ಚಕ್ರ ಮಾಡಿಸ್ಕೋತಾರೆ. ಹದಿನೈದು ಕೆಜಿ ಸೈಕಲ್, ಹತ್ತು ಕೆಜಿ ಸಾಮಾನು, ಗುಡ್ಡದ ಏರು. ಆವಾಗ ಆ ಸಣ್ಣ ಚಕ್ರವೇ ದೇವರು.

ಬಾದಾಮಿ ಕಡೆ ಕೆಂಪು ಮರಳುಗಲ್ಲು. ಅಮೀನಗಡ ದಾಟಿ ಹುನಗುಂದದ ಕಡೆ ಇಳಿದ್ರೆ ಎರೆ ಭೂಮಿ. ಒಣಗಿದಾಗ ಹೊಲದ ದಾರಿ ಸಿಮೆಂಟ್ ಇದ್ದ ಹಾಗೆ, ಸುಖವಾಗಿ ಹೋಗ್ತೀರಿ. ಒಂದು ಹದ ಮಳೆ ಬಿದ್ರೆ ಮುಗೀತು. ಮುಂಗಾರಿನ ಮೊದಲ ಮಳೆಯಲ್ಲಿ ನಾನು ಒಬ್ಬನೇ ಸಿಕ್ಕೊಂಡೆ. ಮೂವತ್ತು ಹೆಜ್ಜೆಗೆ ಚಕ್ರ ತಿರುಗೋದು ನಿಂತಿತು. ಫೋರ್ಕ್ ನಡುವೆ, ಬ್ರೇಕ್ ನಡುವೆ, ಚೈನಿನಲ್ಲಿ ಎಲ್ಲ ಕಡೆ ಮಣ್ಣು. ಸಿಟ್ಟಿಗೆ ಜೋರಾಗಿ ಪೆಡಲ್ ತುಳಿದೆ. ಹಿಂದಿನ ಗೇರ್ ಸ್ಪೋಕಿಗೆ ಸಿಕ್ಕು, ಅದನ್ನ ಹಿಡಿದಿರೋ ಸಣ್ಣ ಹ್ಯಾಂಗರ್ ಮುರೀತು. ಮುರಿಯೋಕಂತಲೇ ಮಾಡಿರೋ ತುಂಡು ಅದು, ಫ್ರೇಮ್ ಉಳಿಯಲಿ ಅಂತ. ಒಂದೊಂದು ಮಾಡೆಲ್ಲಿಗೆ ಒಂದೊಂದು ಥರ ಇರ್ತದೆ. ಆನ್‌ಲೈನಲ್ಲಿ ತರಿಸಿ ಒಂದು ಜೊತೆಗಿಟ್ಕೊಳ್ಳಿ. ಅವತ್ತು ನನ್ನ ಹತ್ತಿರ ಇರಲಿಲ್ಲ, ಸೈಕಲ್ ಹೆಗಲ ಮೇಲೆ ಹೊತ್ತು ಹೈವೇ ಮುಟ್ಟಿದೆ.

ಎರೆ ದಾರಿಗೆ ಮಡ್‌ಗಾರ್ಡ್ ತೆಗೀರಿ. 2.4 ಇಂಚಿನ ಅಗಲ ಟೈರ್ ನೋಡೋಕೆ ಚಂದ, ಆದ್ರೆ ಫ್ರೇಮಿನ ನಡುವೆ ಜಾಗ ಉಳಿಯೋದಿಲ್ಲ. ನಾನು 2.1ಕ್ಕೆ ಇಳಿದದ್ದು ಇದೇ ಕಾರಣಕ್ಕೆ. ಬಿದಿರಿನ ಚಪ್ಪಟೆ ಕಡ್ಡಿ ಒಂದು ಇರಲಿ, ಮಣ್ಣು ಕೆರೆಯೋಕೆ. ಮಳೆ ಬಂದ್ರೆ ಹೊಲದ ದಾರಿ ಬಿಟ್ಟು ಡಾಂಬರಿಗೆ ಬಂದುಬಿಡಿ, ಅದ್ರಲ್ಲಿ ಅವಮಾನ ಏನಿಲ್ಲ. ಹಸಿ ಹೊಲದಲ್ಲಿ ಬಿತ್ತನೆ ಆಗಿರ್ತದೆ, ರೈತರು ಬೈದ್ರೆ ಅವರದ್ದೇ ಸರಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿತನಕ ಹೋಗೋದೇ ಛಲೋ.

ಸಣ್ಣ ಪುಟ್ಟವು ಬೇಗ ಹೇಳ್ತೀನಿ. ಬಾದಾಮಿಯಲ್ಲಿ ತಿನ್ನೋದನ್ನ ಹೊರಗೆ ಕಟ್ಟಬೇಡಿ, ಮಂಗ್ಯಾಗಳು ಜಿಪ್ ತೆಗೆಯೋಕೆ ಕಲಿತಿವೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಫೋನನ್ನ ಹ್ಯಾಂಡಲ್ ಮೇಲೆ ಸಿಕ್ಕಿಸೋದಕ್ಕಿಂತ ಚೀಲದೊಳಗೆ ಇಡಿ. ಓಆರ್‌ಎಸ್ ಪುಡಿ ನಾಲ್ಕು ಪಾಕೀಟು. ಸ್ಮಾರಕಗಳ ಆವರಣದೊಳಗೆ ಸೈಕಲ್ ಒಯ್ಯೋದು, ಅಲ್ಲಿ ಮಲಗೋದು ಬೇಡವೇ ಬೇಡ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ, ರೀಲ್ಸ್ ಮಾಡೋಕೆ ಕಟ್ಟಿದ ರ‍್ಯಾಂಪ್ ಅಲ್ಲ. ರಾತ್ರಿಗೆ ಊರಿನ ಗುಡಿಯಲ್ಲೋ ಮಠದಲ್ಲೋ ಕೇಳಿ, ಕೇಳಿದ್ರೆ ಇಲ್ಲ ಅನ್ನೋರು ಕಡಿಮೆ.

ಹೊರಡೋ ಮುಂಚೆ ಪೂರ್ತಿ ಸಾಮಾನು ಕಟ್ಟಿ, ನೀರು ತುಂಬಿ, ಊರ ಪಕ್ಕದ ಕೆಟ್ಟ ದಾರಿಯಲ್ಲಿ ಹತ್ತು ಕಿಲೋಮೀಟರ್ ಹೊಡೀರಿ. ನಾನು ಕ್ವಾರಿ ಕಡೆ ಹೋಗೋ ದಾರಿ ಹಿಡೀತೀನಿ. ವಾಪಸ್ ಬಂದು ಪ್ರತಿ ಸ್ಕ್ರೂಗೂ ಎಲ್-ಕೀ ಹಾಕಿ ನೋಡ್ತೀನಿ. ಯಾವುದು ಅಲುಗಾಡಿದೆ, ಯಾವುದು ಎಲ್ಲಿ ತಿಕ್ಕಿದೆ ಅಂತ ಮನೆ ಹತ್ತಿರವೇ ಗೊತ್ತಾಗ್ಲಿ.

ಈ ಸಲ ದೀಪಾವಳಿ ಆದ ಮೇಲೆ ಅದೇ ದಾರಿ ಮತ್ತೆ ಹೋಗ್ತಿದ್ದೀವಿ, ಇಬ್ಬರೂ. ಕಾಕಾನ ಮಗನ ಸೈಕಲ್ ಈಗ ನಮ್ಮ ಅಂಗಳದಲ್ಲಿ ತಲೆಕೆಳಗಾಗಿ ನಿಂತಿದೆ, ಫೋರ್ಕಿಗೆ ಕ್ಲಾಂಪ್ ಹಾಕ್ತಿದ್ದೆ. ನಿನ್ನೆ ರಾತ್ರಿ ಕಾಕಾ ಫೋನ್ ಮಾಡಿದ್ರು. ನಮಸ್ಕಾರ ಇಲ್ಲ, ಆರಾಮ ಇಲ್ಲ. ‘ನೀರು ಎಷ್ಟು ಲೀಟರ್ ಹಿಡಿಯೂ ಹಂಗ ಮಾಡೀಯೋ?’ ಅಂದ್ರು.

‘ಆರು, ಕಾಕಾ.’

‘ಇಬ್ಬರಿಗೂ ಸೇರಿ?’

‘ಇಲ್ರೀ, ಒಬ್ಬೊಬ್ಬರಿಗೆ ಆರು.’

‘ಹೂಂ’ ಅಂದು ಫೋನ್ ಇಟ್ರು.