ಅಣ್ವಸ್ತ್ರದ ಭೀತಿಯೂ ಜನಮನದ ಮಾರ್ಪಾಟೂ



ಶ್ರೀಮಠದ ಮಹೋತ್ಸವವು ಹರ್ಷದ ಸಮಯವಷ್ಟೇ ಅಲ್ಲ. ಧರ್ಮದ ಒರೆಗಲ್ಲಿನ ಮೇಲೆ ಕಾಲವನ್ನು ತಿಕ್ಕಿ ನೋಡುವ ಸಮಯವೂ ಅಹುದು. ಇಂದು ಮನುಕುಲವನ್ನು ಬೆದರಿಸುತ್ತಿರುವ ಆಪತ್ತುಗಳಲ್ಲಿ ಅಣುಯುದ್ಧವು ಅತ್ಯಂತ ಘೋರವಾದುದು. ಆದರೆ ಅದರ ವಿಷಯದಲ್ಲಿ ಜನರ ಭಾವನೆಯು ಎಂದೂ ಒಂದೇ ತೆರನಾಗಿ ನಿಂತುದಿಲ್ಲ. ಒಮ್ಮೆ ಸಮಾಧಾನ, ಒಮ್ಮೆ ಭಯ, ಒಮ್ಮೆ ಅಭಿಮಾನ, ಮತ್ತೊಮ್ಮೆ ಮರೆವು ಎಂಬಂತೆ ಅದು ಹೊಯ್ದಾಡಿದೆ. ಈ ಹೊಯ್ದಾಟದ ಮರ್ಮವನ್ನರಿಯುವುದು ಭಕ್ತರಿಗೆ ಅವಶ್ಯವಾದುದು.

ಮೊದಲು ಈ ನೆಲದ ಮಾತು. ಯುದ್ಧವೆಂದರೇನೆಂಬುದನ್ನು ಕಿತ್ತೂರು, ಬೈಲಹೊಂಗಲಗಳ ಜನರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. 1824ನೆಯ ಇಸವಿಯ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆಯು ಮಡಿದನು. ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಸೆರೆಯಾದರು. ರಾಣಿ ಚೆನ್ನಮ್ಮನು ಅವರ ಪ್ರಾಣ ತೆಗೆಯಲಿಲ್ಲ. ಯುದ್ಧ ನಿಲ್ಲುವುದೆಂಬ ಮಾತನ್ನು ನಂಬಿ ಅವರನ್ನು ಬಿಟ್ಟುಕೊಟ್ಟಳು. ಆ ಮಾತು ಉಳಿಯಲಿಲ್ಲ. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯಳಾದಳು. ಆಕೆಯು ಸೋತಿರಬಹುದು, ಆದರೆ ಆಕೆಯ ಧರ್ಮವು ಸೋಲಲಿಲ್ಲ. ಕಾದುವವನು ಬೇರೆ, ಕೈಸೆರೆಯಾದವನು ಬೇರೆ ಎಂಬ ವಿವೇಕವು ಆ ವೀರದಲ್ಲಿತ್ತು. ಅದರಿಂದಲೇ ಆ ಸಮಾಧಿಯ ಮುಂದೆ ಇಂದಿಗೂ ತಲೆಗಳು ಬಾಗುತ್ತವೆ.

ಅಣುಬಾಂಬು ಈ ವಿವೇಕವನ್ನೇ ಅಳಿಸಿತು. 1945ರ ಆಗಸ್ಟ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಅದು ಬಿದ್ದಿತು. ಆ ವರ್ಷ ಮುಗಿಯುವುದರೊಳಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000 ಜನರು ಸತ್ತರೆಂದು ಎಣಿಕೆಯಿದೆ. ಸಿಪಾಯಿಯಾರು, ಶಾಲೆಯ ಕೂಸು ಯಾರು, ಬಾಣಂತಿಯಾರು ಎಂದು ಆ ಬೆಂಕಿಯು ಕೇಳಲಿಲ್ಲ. ಆದರೂ ಅಂದು ಅಮೇರಿಕೆಯಲ್ಲಿ ನೂರಕ್ಕೆ 85 ಜನರು ಆ ಕೃತ್ಯವನ್ನು ಒಪ್ಪಿದರು. ಯುದ್ಧ ಮುಗಿಯಿತೆಂಬ ನಿಟ್ಟುಸಿರು ಅಳುವ ದನಿಯನ್ನು ಮುಚ್ಚಿತ್ತು. ಎಪ್ಪತ್ತು ವರ್ಷಗಳ ಬಳಿಕ, 2015ರಲ್ಲಿ, ಅದೇ ದೇಶದಲ್ಲಿ ಅದನ್ನು ನ್ಯಾಯವೆಂದವರು ನೂರಕ್ಕೆ 56 ಮಾತ್ರ. ಮನಸ್ಸು ಮಾಗುವುದಕ್ಕೆ ಎರಡು ತಲೆಮಾರು ಬೇಕಾದುವು.

ಮನಸ್ಸನ್ನು ತಿರುಗಿಸಿದುದು ಹಾಲಿನ ಬಟ್ಟಲು. 1954ರ ಮಾರ್ಚ 1ರಂದು ಶಾಂತಸಾಗರದಲ್ಲಿ ಅಮೇರಿಕೆಯು ಜಲಜನಕ ಬಾಂಬನ್ನು ಪರೀಕ್ಷಿಸಿದಾಗ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯ 23 ಮಂದಿಯ ಮೇಲೆ ವಿಷದ ಬೂದಿ ಸುರಿಯಿತು. ಅವರಲ್ಲೊಬ್ಬನು ಅದೇ ವರ್ಷ ತೀರಿಕೊಂಡನು. ಪರೀಕ್ಷೆಗಳ ವಿಷವು ಮಳೆಯೊಡನೆ ಹುಲ್ಲಿಗಿಳಿದು, ಹುಲ್ಲಿನಿಂದ ಆಕಳ ಹಾಲಿಗೆ, ಹಾಲಿನಿಂದ ಕೂಸುಗಳ ಎಲುಬಿಗೆ ಸೇರುವುದೆಂದು ತಿಳಿದೊಡನೆ ತಾಯಂದಿರು ಬೀದಿಗಿಳಿದರು. ಪಂಡಿತ ನೆಹರೂರವರು 1954ರಲ್ಲಿಯೇ ಪರೀಕ್ಷೆಗಳನ್ನು ನಿಲ್ಲಿಸಿರೆಂದು ಕೇಳಿಕೊಂಡಿದ್ದರು. ಕಡೆಗೆ 1963ರ ಆಗಸ್ಟದಲ್ಲಿ ಗಾಳಿ, ನೀರು, ಆಕಾಶಗಳಲ್ಲಿ ಪರೀಕ್ಷೆ ಸಲ್ಲದೆಂಬ ಒಪ್ಪಂದವಾಯಿತು. ರಾಜರ ಶಸ್ತ್ರವನ್ನು ತಾಯಂದಿರ ಕಳವಳವು ಕೊಂಚ ಮಟ್ಟಿಗಾದರೂ ತಡೆಯಿತು.

ಎರಡನೆಯ ಎಚ್ಚರವು 1982ರಲ್ಲಿ ಬಂದಿತು. ಜೂನ 12ರಂದು ನ್ಯೂಯಾರ್ಕ ನಗರದಲ್ಲಿ ಸುಮಾರು ಹತ್ತು ಲಕ್ಷ ಜನರು ಅಣ್ವಸ್ತ್ರ ಬೇಡವೆಂದು ನೆರೆದರು. 1986ರ ಸುಮಾರಿಗೆ ಲೋಕದಲ್ಲಿದ್ದ 70,000ದಷ್ಟು ಸಿಡಿತಲೆಗಳು ಇಂದು 12,000ದ ಆಸುಪಾಸಿಗೆ ಇಳಿದಿವೆ. ಆದರೆ 1991ರಲ್ಲಿ ಸೋವಿಯತ ಒಕ್ಕೂಟವು ಒಡೆದ ಮೇಲೆ, ಭಯವು ಅಸ್ತ್ರಗಳಿಗಿಂತ ಬೇಗನೆ ಕರಗಿತು. ಹಾವು ಬಿಲದಲ್ಲಿಯೇ ಇತ್ತು. ಮನೆಯವರು ದೀಪವಾರಿಸಿ ಮಲಗಿದರು.

ಈ ದೇಶದ ಮನಸ್ಸಿನ ಕಥೆ ಬೇರೆ. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಮೊದಲ ಸ್ಫೋಟದ ಮುಂದಾಳುಗಳಲ್ಲಿ ತುಮಕೂರಿನವರಾದ ಡಾ. ರಾಜಾ ರಾಮಣ್ಣನವರು ಪ್ರಮುಖರು. 1998ರ ಮೇ 11 ಹಾಗೂ 13ರಂದು ಮತ್ತೆ ಸ್ಫೋಟಗಳಾದಾಗ ಊರೂರಲ್ಲಿ ಪಟಾಕಿ ಹಾರಿದವು, ಪೇಢೆ ಹಂಚಲ್ಪಟ್ಟಿತು. ಅದೇ ತಿಂಗಳ 28ರಂದು ಪಾಕಿಸ್ತಾನವೂ ಸ್ಫೋಟಿಸಿತು. ಅಲ್ಲಿಯೂ ಹಾಗೆಯೇ ಹರ್ಷವಾಯಿತು. ಹರ್ಷಪಟ್ಟವರನ್ನು ಹೀಗಳೆಯುವುದು ನ್ಯಾಯವಲ್ಲ. 1962ರ ಸೋಲು, 1964ರ ಚೀನದ ಸ್ಫೋಟ, ನೂರಾರು ವರ್ಷಗಳ ಪರಾಧೀನತೆ ಇವುಗಳ ನೋವು ಅದರ ಹಿಂದಿತ್ತು. ತಾನಾಗಿ ಮೊದಲು ಅಣ್ವಸ್ತ್ರ ಎಸೆಯೆನೆಂಬ ವ್ರತವನ್ನು ಭಾರತವು ಸಾರಿದುದೂ ಸ್ತುತ್ಯವಾದುದೇ. ಆದರೆ ಆ ಬಲವನ್ನು ಕಿತ್ತೂರಿನ ವೀರವೆಂದು ಬಗೆಯುವುದು ದೊಡ್ಡ ಭ್ರಮೆ. ಚೆನ್ನಮ್ಮನ ಖಡ್ಗವು ಶತ್ರುವನ್ನು ಕಣ್ಣಿಟ್ಟು ನೋಡುತ್ತಿತ್ತು, ಸೆರೆಯಾದವನನ್ನು ಕಾಯುತ್ತಿತ್ತು. ಅಣುಬಾಂಬಿಗೆ ಕಣ್ಣಿಲ್ಲ, ಅದಕ್ಕೆ ಸೆರೆಯಾಳೂ ಇಲ್ಲ, ಶರಣಾಗತನೂ ಇಲ್ಲ.

ದೂರದ ಊರಿಗೆ ಬಿದ್ದರೆ ಇಲ್ಲಿಗೇನು ಎಂಬ ಮಾತೂ ನಿಲ್ಲದು. ಭಾರತ, ಪಾಕಿಸ್ತಾನಗಳ ನಡುವೆ ಹಿರೋಶಿಮಾದ ಗಾತ್ರದ 100 ಬಾಂಬುಗಳು ಸಿಡಿದರೆ, ಉರಿವ ನಗರಗಳ ಹೊಗೆಯು ಮೇಲಕ್ಕೇರಿ ಬಿಸಿಲನ್ನು ತಡೆದು, ವರ್ಷಗಳವರೆಗೆ ಲೋಕದ ಬೆಳೆಗಳನ್ನು ಕುಗ್ಗಿಸುವುದೆಂದು 2007ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಬಿಸಿಲು ಮಂಕಾದರೆ ಬೈಲಹೊಂಗಲದ ಎರೆಹೊಲದಲ್ಲಿ ಅರಳೆ ಬಿರಿಯದು, ಜೋಳದ ತೆನೆ ಕಾಳುಗಟ್ಟದು. ರಾಮದುರ್ಗದ ಮಗ್ಗಕ್ಕೆ ನೂಲಿರದು. ಸವದತ್ತಿಯ ಗುಡ್ಡಕ್ಕೆ ಹುಣ್ಣಿಮೆಗೆ ಹೊರಟ ಚಕ್ಕಡಿಯಲ್ಲಿ ಬುತ್ತಿಯಿರದು. ಮಲಪ್ರಭೆಯನ್ನೇ ನೋಡಿರಿ: ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ತೊಳೆದು, ಸವದತ್ತಿಯ ನವಿಲುತೀರ್ಥದಲ್ಲಿ ತಂಗಿ, ರಾಮದುರ್ಗವನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮೇಲಿನ ಊರು ಕಲಕಿದ ನೀರನ್ನು ಕೆಳಗಿನ ಊರು ಕುಡಿಯಲೇಬೇಕು. ಗಾಳಿಯ ನ್ಯಾಯವೂ ಇದೇ.

2022ರಲ್ಲಿ ಉಕ್ರೇನದ ಮೇಲೆ ರಶಿಯದ ದಂಡಯಾತ್ರೆ ಮೊದಲಾದಂದಿನಿಂದ ಅಣ್ವಸ್ತ್ರದ ಬೆದರಿಕೆಯು ಮತ್ತೆ ಬಾಯಿಮಾತಾಗಿದೆ. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ನಾಲ್ಕು ದಿನ ಕ್ಷಿಪಣಿಗಳು ಹಾರಿದಾಗ, ಎರಡೂ ಕಡೆಯ ಉಗ್ರಾಣದಲ್ಲಿ ಏನಿದೆಯೆಂಬುದು ಲೋಕಕ್ಕೆ ನೆನಪಾಯಿತು. ಇಂಥ ವೇಳೆಯಲ್ಲಿ ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕಿ ಉಳಿದವರ ಸಂಘವಾದ ನಿಹೋನ್ ಹಿದಾಂಕ್ಯೋಗೆ 2024ರ ಶಾಂತಿ ನೊಬೆಲ್ ಪಾರಿತೋಷಕವು ದೊರೆತುದು ಅರ್ಥಪೂರ್ಣವಾದುದು. ಸುಟ್ಟ ಮೈಯ ಮುದುಕರು ಊರೂರು ತಿರುಗಿ ತಾವು ಕಂಡುದನ್ನು ಹೇಳುತ್ತ ಬಂದರು, ಸೇಡನ್ನು ಬೇಡಲಿಲ್ಲ. ಇದು ಶರಣರೊಪ್ಪುವ ಕಾಯಕವಲ್ಲವೇ?

ಭಕ್ತರು ಮಾಡಬೇಕಾದುದೇನು? ಸರಕಾರದ ಉಗ್ರಾಣದ ಕೀಲಿಯು ಅವರ ಕೈಯಲ್ಲಿಲ್ಲ, ನಿಜ. ಆದರೆ ಮನೆಯ ಮಾತಿನ ಕೀಲಿಯು ಅವರ ಕೈಯಲ್ಲಿಯೇ ಇದೆ. ಒಂದು ಬಾಂಬು ಹಾಕಿ ಮುಗಿಸಿಬಿಡಬೇಕು ಎಂಬ ಮಾತು ಕಟ್ಟೆಯ ಮೇಲೆ ಹಗುರಾಗಿ ಹಾರಿದಾಗ ತಡೆದು ಕೇಳುವುದು, ಕಿತ್ತೂರಿನ ಕಥೆ ಹೇಳುವಾಗ ಥ್ಯಾಕರೆಯ ಸಾವಿನೊಡನೆ ಸೆರೆಯಾಳುಗಳ ಬಿಡುಗಡೆಯನ್ನೂ ಮಕ್ಕಳಿಗೆ ಹೇಳುವುದು, ಇಷ್ಟು ಸಾಧ್ಯ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಸಾರಿದ ಬಸವಣ್ಣನವರ ಮಾರ್ಗದಲ್ಲಿ ನಡೆಯುವವರಿಗೆ ಶತ್ರುವಿನ ತೊಟ್ಟಿಲೂ ತೊಟ್ಟಿಲೇ. ಜನರ ಮನಸ್ಸು ಎರಡು ಸಲ ಎಚ್ಚತ್ತು ಲೋಕವನ್ನು ಕಾಯಿತು. ಎರಡು ಸಲವೂ ನಿದ್ದೆ ಹೋಯಿತು. ಮೂರನೆಯ ಎಚ್ಚರವು ಬೆಂಕಿಯಿಂದ ಬಾರದೆ ಅರಿವಿನಿಂದ ಬರಲಿ.