ಮನೆಯ ಒಲೆಯಲ್ಲಿ ನಾನ್‌ಖಟಾಯಿ



ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನೊಬ್ಬನು ಸಿಹಿತಿಂಡಿಯ ವಿಷಯವಾಗಿ ಮಾತನಾಡಲು ಹೊರಟರೆ ನಿಮ್ಮಲ್ಲಿ ಕೆಲವರು ನಕ್ಕಾರು. ಗೃಹಿಣಿಯರು ಇನ್ನಷ್ಟು ನಕ್ಕಾರು. ಅದು ನ್ಯಾಯವೇ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಶಾಖದ ಪಾಠವನ್ನು ಹೇಳುತ್ತ ಬಂದ ನಾನು ಮೊದಲ ಸಲ ಒಲೆಯ ಮುಂದೆ ನಿಂತು ಸಾಧಿಸಿದ್ದೇನೆಂದರೆ, ಹದಿನಾರು ಬಿಸ್ಕತ್ತುಗಳನ್ನು ಒಂದೇ ಕರಿಯ ಹಲಗೆಯನ್ನಾಗಿ ಮಾರ್ಪಡಿಸಿದ್ದು. ಆ ಹಲಗೆಯಿಂದ ಕಲಿತ ಪಾಠವನ್ನು ನಿಮ್ಮ ಮುಂದೆ ಇಡಬೇಕೆಂಬುದೇ ನನ್ನ ಉದ್ದೇಶ.

ಈ ಕೆಲಸಕ್ಕೆ ನಾನು ಕೈಹಾಕಿದ್ದಕ್ಕೆ ಒಂದು ಕಾರಣವುಂಟು. ನಮ್ಮ ತಾಯಿಯವರು ಹೊರಗೆ ಮಾಡಿದ ಪದಾರ್ಥವನ್ನು ತಿನ್ನುವವರಲ್ಲ. ಬೇಕರಿಯ ತಿಂಡಿಯಲ್ಲಿ ಮೊಟ್ಟೆಯಿದ್ದೀತೆಂಬ ಶಂಕೆ ಒಂದು ಕಡೆ, ಯಾರ ಒಲೆಯೋ ಏನೋ ಎಂಬ ಶಂಕೆ ಇನ್ನೊಂದು ಕಡೆ. ಈ ಶಂಕೆಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎಪ್ಪತ್ತು ವರ್ಷ ದಾಟಿದ ಜೀವದೊಡನೆ ತರ್ಕ ಮಾಡುವುದರಲ್ಲಿ ಅರ್ಥವೂ ಇಲ್ಲ. ಸಂಜೆಯ ಹೊತ್ತು ಮಕ್ಕಳು ಕಾಫಿ ಹಾಲುಗಳೊಡನೆ ಬಿಸ್ಕತ್ತನ್ನು ಮೆಲ್ಲುವಾಗ ಅವರು ಮಾತ್ರ ಬರಿಯ ಲೋಟವನ್ನು ಹಿಡಿದು ಕುಳಿತಿರುತ್ತಿದ್ದರು. ಒಂದು ದಿನ ನನ್ನ ಮಗಳು, "ಅಜ್ಜಿ, ಇದು ಹೇಗಿರುತ್ತೇಂತ ನಿನಗೆ ಗೊತ್ತೇ ಇಲ್ವಾ?" ಎಂದು ಕೇಳಿದಳು. ತಾಯಿಯವರು ನಕ್ಕು, "ವಾಸನೆ ಗೊತ್ತು ಮಗು" ಎಂದರು. ಆ ಉತ್ತರ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ.

ನಮ್ಮ ಅಡುಗೆಯ ಮಾತುಗಳನ್ನು ಒಮ್ಮೆ ನೆನೆದು ನೋಡಿ. ಬೇಯಿಸುವುದು, ಹುರಿಯುವುದು, ಕರಿಯುವುದು, ಬಾಡಿಸುವುದು, ಹಬೆಯಲ್ಲಿಡುವುದು, ಕೆಂಡದಲ್ಲಿ ಸುಡುವುದು, ಹೀಗೆ ಎಷ್ಟೊಂದು! ಆದರೆ ಮುಚ್ಚಿದ ಗೂಡಿನಲ್ಲಿ ಬಿಸಿಗಾಳಿಯ ನಡುವೆ ಇಟ್ಟು ಬೇಯಿಸುವುದಕ್ಕೆ ನಮ್ಮ ಮನೆಗಳಲ್ಲಿ ಪ್ರತ್ಯೇಕವಾದ ಮಾತು ಬೆಳೆಯಲಿಲ್ಲ. ಮಾತು ಇಲ್ಲದುದರಿಂದ ವಿದ್ಯೆಯೂ ನಮಗೆ ಹೊರಗಿನದೆಂಬ ಭಾವನೆ ನೆಲೆಯೂರಿತು. ಅದು ಅಷ್ಟು ನಿಜವಲ್ಲ.

ನಾನ್‌ಖಟಾಯಿಯನ್ನೇ ತೆಗೆದುಕೊಳ್ಳಿ. "ನಾನ್" ಎಂದರೆ ಪಾರಸಿ ಭಾಷೆಯಲ್ಲಿ ರೊಟ್ಟಿ. ಹದಿನೇಳನೆಯ ಶತಮಾನದಿಂದ ಸೂರತ್ತಿನಲ್ಲಿ ಡಚ್ಚರ ವ್ಯಾಪಾರ ಕೋಠಿಯೊಂದಿತ್ತು. ಅವರು ಬಿಟ್ಟುಹೋದ ಬೇಕರಿ ಪಾರಸಿಗಳ ಕೈಗೆ ಬಂದಿತೆಂದೂ, ಕೊಳ್ಳುವವರ ಆಚಾರಕ್ಕೆ ತಕ್ಕಂತೆ ಮೊಟ್ಟೆಯನ್ನೂ ಹೆಂಡದ ಹುಳಿಯನ್ನೂ ಕೈಬಿಟ್ಟಾಗ ಉಳಿದುದೇ ಈ ತಿಂಡಿಯೆಂದೂ ಅಲ್ಲಿಯವರು ಕಥೆ ಹೇಳುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ಇಂಥದೇ ನಡೆಯಿತು. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಸಹೋದರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿಯನ್ನು ತೆರೆದರು. ಆ ಪರಂಪರೆಯ ಅಂಗಡಿಗಳು ಮೊಟ್ಟೆಯಿಲ್ಲದ ಬ್ರೆಡ್ಡಿಗೂ ಬಿಸ್ಕತ್ತಿಗೂ ಹೆಸರಾದವು. ಪರದೇಶದ ಒಲೆ ನಮ್ಮ ಬೀದಿಗೆ ಬಂದು ಎಂದೋ ನಮ್ಮದಾಯಿತು. ಅಡುಗೆಮನೆಯ ಹೊಸ್ತಿಲನ್ನು ಮಾತ್ರ ಅದು ದಾಟಿರಲಿಲ್ಲ.

ಇನ್ನು ನನ್ನ ಕರಿಯ ಹಲಗೆಯ ಕಥೆಗೆ ಬರೋಣ. ಅದು ಏಪ್ರಿಲ್ ತಿಂಗಳು. ಭರಣಿಯಲ್ಲಿದ್ದ ತುಪ್ಪ ನೀರಿನಂತೆ ಕರಗಿತ್ತು. ನಾನು ಅದನ್ನು ಹಾಗೆಯೇ ಹಿಟ್ಟಿಗೆ ಸುರಿದು, ಚಪಾತಿಯ ಹಿಟ್ಟಿನಂತೆ ಚೆನ್ನಾಗಿ ನಾದಿ, ಉಂಡೆ ಮಾಡಿ, ಉರಿಯನ್ನು ಏರಿಸಿಟ್ಟೆ. ಕಾಲು ಗಂಟೆಯ ಮೇಲೆ ಮುಚ್ಚಳ ತೆರೆದರೆ ಉಂಡೆಗಳೆಲ್ಲ ಹರಿದು ಒಂದಾಗಿದ್ದವು. ತಳ ಕರಿದು, ನಡುಭಾಗ ಹಸಿ. ತಾಯಿಯವರು ಬಂದು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಚಿರೋಟಿಗೆ ಸಾಟಿ ಮಾಡುವಾಗ ಯಾರಾದರೂ ತುಪ್ಪ ಕರಗಿಸ್ತಾರೇನೋ?"

ಶ್ರೋತೃಗಳೇ, ಇಡೀ ಶಾಸ್ತ್ರವು ಆ ಪ್ರಶ್ನೆಯಲ್ಲಿದೆ. ಗಟ್ಟಿ ತುಪ್ಪವನ್ನು ಅಕ್ಕಿಹಿಟ್ಟಿನೊಡನೆ ಅಂಗೈಯಿಂದ ತಿಕ್ಕಿ ತಿಕ್ಕಿ, ಬೆಳ್ಳಗೆ ಹಗುರವಾಗುವಂತೆ ಮಾಡುವುದೇ ಸಾಟಿ. ಹಾಗೆ ತಿಕ್ಕಿದಾಗ ತುಪ್ಪದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ಗುಳ್ಳೆಗಳು ಸೇರುತ್ತವೆ. ಕಾವು ತಗಲಿದಾಗ ಆ ಗಾಳಿ ಹಿಗ್ಗಿ ತಿಂಡಿಯನ್ನು ಅರಳಿಸುತ್ತದೆ. ಕರಗಿದ ತುಪ್ಪಕ್ಕೆ ಗಾಳಿಯನ್ನು ಹಿಡಿದಿಡುವ ಶಕ್ತಿಯಿಲ್ಲ. ಇಂಗ್ಲಿಷ್ ಪಾಕಪುಸ್ತಕಗಳಲ್ಲಿ ಬೆಣ್ಣೆಯನ್ನೂ ಸಕ್ಕರೆಯನ್ನೂ ಸೇರಿಸಿ ತಿಕ್ಕಿರೆಂದು ಹೇಳುವುದೂ ಇದನ್ನೇ. ನಾನು ಆ ಪುಸ್ತಕಗಳನ್ನು ಓದಿದ್ದೆ. ಸಾಟಿಯನ್ನು ಮಾಡಿದ್ದವರು ತಾಯಿಯವರು.

ನಾದಿದ್ದು ನನ್ನ ಎರಡನೆಯ ತಪ್ಪು. ಗೋದಿಯ ಹಿಟ್ಟಿಗೆ ನೀರು ಸೇರಿಸಿ ನಾದಿದರೆ ಅದರಲ್ಲಿ ಅಂಟಾದ ಒಂದು ಬಲೆ ಹೆಣೆದುಕೊಳ್ಳುತ್ತದೆ. ಚಪಾತಿಗೆ ಆ ಬಲೆ ಬೇಕು. ಬಾಯಲ್ಲಿಟ್ಟರೆ ಪುಡಿಯಾಗಬೇಕಾದ ತಿಂಡಿಗೆ ಬೇಡ. ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ಬಲೆ ಹೆಣೆಯಲು ಅವಕಾಶವಾಗದು. ಕೋಡುಬಳೆಯ ಹಿಟ್ಟಿಗೆ ಮೊದಲು ಕಾದ ಎಣ್ಣೆಯನ್ನು ಹಾಕಿ ಉಜ್ಜುವುದರ ಫಲವಾದ ಗರಿಯೂ ಇದೇ ಬಗೆಯದು. ಕಡಲೆಹಿಟ್ಟನ್ನೂ ರವೆಯನ್ನೂ ಬೆರೆಸುವುದಕ್ಕೂ ಅರ್ಥವಿದೆ: ಕಡಲೆಯಲ್ಲಿ ಆ ಅಂಟಿಲ್ಲ, ರವೆ ಹಲ್ಲಿಗೆ ತರಿಯನ್ನು ಕೊಡುತ್ತದೆ.

ಈಗ ಅಳತೆಯನ್ನು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಮೈದಾಹಿಟ್ಟು 150 ಗ್ರಾಂ, ಕಡಲೆಹಿಟ್ಟು 50 ಗ್ರಾಂ, ಸಣ್ಣ ರವೆ 25 ಗ್ರಾಂ, ಗಟ್ಟಿ ತುಪ್ಪ 125 ಗ್ರಾಂ, ನುಣ್ಣಗೆ ಪುಡಿಮಾಡಿದ ಸಕ್ಕರೆ 100 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ನಾಲ್ಕು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪಿನ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ. ಸೆಕೆಗಾಲದಲ್ಲಿ ತುಪ್ಪದ ಬಟ್ಟಲನ್ನು ತಣ್ಣೀರಿನಲ್ಲಿಟ್ಟು ಹೆಪ್ಪುಗಟ್ಟಿಸಿಕೊಳ್ಳಿ. ತುಪ್ಪ ಸಕ್ಕರೆಗಳನ್ನು ಹತ್ತು ನಿಮಿಷ ಬೆಳ್ಳಗಾಗುವಂತೆ ತಿಕ್ಕಿ. ಉಳಿದುದೆಲ್ಲವನ್ನೂ ಜರಡಿಯಾಡಿ, ಬೆರಳ ತುದಿಯಿಂದ ಹಗುರವಾಗಿ ಕೂಡಿಸಿ. ನಾದಬೇಡಿ, ನೀರು ಹಾಕಬೇಡಿ. ಹಿಟ್ಟು ಒಂದಾಗಿ ನಿಂತರೆ ಸಾಕು. ಅರ್ಧ ಗಂಟೆ ತಂಪಿನಲ್ಲಿಟ್ಟು, ನಿಂಬೆಹಣ್ಣಿಗಿಂತ ಚಿಕ್ಕ ಉಂಡೆಗಳನ್ನು ಮಾಡಿ ತುಸು ಒತ್ತಿ. ಸುಮಾರು ಇಪ್ಪತ್ತೆರಡು ಆಗುತ್ತವೆ.

ಇನ್ನು ಒಲೆ. ಓವನ್ ಇರುವವರು 160 ಡಿಗ್ರಿ ಸೆಲ್ಸಿಯಸ್ಸಿಗೆ ಮೊದಲೇ ಕಾಯಿಸಿ, ಹದಿನೆಂಟು ನಿಮಿಷ ಇಟ್ಟರಾಯಿತು. ಇಲ್ಲದವರು ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಎರಡು ಬೆರಳಷ್ಟು ಉಪ್ಪನ್ನೋ ಒಣ ಮರಳನ್ನೋ ಹರವಿ, ಅದರ ಮೇಲೆ ಕಬ್ಬಿಣದ ಸಿಂಬಿಯೊಂದನ್ನಿಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ ಹತ್ತು ನಿಮಿಷ ನಡುವಣ ಉರಿಯಲ್ಲಿ ಕಾಯಿಸಬೇಕು. ತಳದ ಕಾವನ್ನು ಉಪ್ಪು ಹೀರಿ ನಿಧಾನವಾಗಿ ಹಂಚುತ್ತದೆ. ಹಿಂದೆ ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಗ್ಯಾಸಿನ ಒಲೆಯಲ್ಲಿ ಆ ಅನುಕೂಲವಿಲ್ಲದ ಕಾರಣ ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ. ಬಣ್ಣ ಬರಲಿಲ್ಲವೆಂದು ಕಾಯುತ್ತ ಕುಳಿತರೆ ತಳ ಹೊತ್ತೀತು.

ಕಾವನ್ನು ತಿಳಿಯುವುದು ಹೇಗೆ? ತಟ್ಟೆಯ ಮೇಲೆ ಚಿಟಿಕೆ ಮೈದಾ ಉದುರಿಸಿ ಒಳಗಿಡಿ. ಕೆಲವು ನಿಮಿಷಗಳಲ್ಲಿ ಅದು ತಿಳಿಗಂದು ಬಣ್ಣಕ್ಕೆ ತಿರುಗಿದರೆ ಹದ. ಇಟ್ಟೊಡನೆಯೇ ಕರಿದರೆ ಉರಿಯನ್ನು ಇಳಿಸಬೇಕು. ಥರ್ಮಾಮೀಟರು ಬಳಕೆಗೆ ಬರುವ ಮುನ್ನ ಇಂಗ್ಲೆಂಡಿನ ಅಡುಗೆಯವರೂ ಹಿಟ್ಟನ್ನೋ ಕಾಗದದ ಚೂರನ್ನೋ ಒಲೆಯೊಳಗಿಟ್ಟು ಬಣ್ಣವನ್ನು ನೋಡುತ್ತಿದ್ದರು.

ಇಲ್ಲಿ ತಾಳ್ಮೆ ಏಕೆ ಬೇಕೆಂಬುದನ್ನು ಹೇಳುವುದು ನನ್ನ ವೃತ್ತಿಗೆ ಸೇರಿದ ಮಾತು. ಕಾದ ಎಣ್ಣೆಗೆ ಬೆರಳು ತಗಲಿದರೆ ಕ್ಷಣದಲ್ಲಿ ಬೊಕ್ಕೆ ಏಳುತ್ತದೆ. ಅಷ್ಟೇ ಬಿಸಿಯಾದ ಗಾಳಿಯೊಳಗೆ ಕೈಯಾಡಿಸಿ ತೆಗೆಯಬಹುದು. ಗಾಳಿ ಶಾಖವನ್ನು ಅಷ್ಟು ನಿಧಾನವಾಗಿ ಒಪ್ಪಿಸುತ್ತದೆ. ಕರಿಯುವ ಅವಸರವನ್ನು ಇಲ್ಲಿಗೆ ತಂದರೆ ನನ್ನ ಹಲಗೆಯೇ ಗತಿ. ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಕು. ಅಂಚಿನಲ್ಲಿ ಹೊಂಬಣ್ಣ ಕಂಡು, ಹುರಿದ ಕಡಲೆಹಿಟ್ಟಿನ ಘಮ ಬಂದಾಗ ಇಳಿಸಿ. ಬಿಸಿಯಾಗಿರುವಾಗ ಮುಟ್ಟಬೇಡಿ, ಮೆತ್ತಗಿದೆಯೆಂದು ಮತ್ತೆ ಒಲೆಗೆ ಏರಿಸಲೂ ಬೇಡಿ. ಆರಿದ ಮೇಲೆಯೇ ಗರಿ ಬರುವುದು. ಒಂದೊಂದರಲ್ಲಿಯೂ ಐದು ಗ್ರಾಮಿಗೆ ಮೀರಿ ತುಪ್ಪವಿದೆ ಎಂಬುದನ್ನು ಮಾತ್ರ ಮರೆಯದೆ, ಎರಡಕ್ಕೆ ಕೈ ತಡೆಯುವುದು ಮೇಲು.

ನಮ್ಮ ಮನೆಯಲ್ಲಿ ಎರಡನೆಯ ಪ್ರಯತ್ನ ಮುಂದಿನ ಭಾನುವಾರ ನಡೆಯಿತು. ತುಪ್ಪವನ್ನು ತಿಕ್ಕಿದವರು ತಾಯಿಯವರು. ಗಡಿಯಾರ ನೋಡುವ ಕೆಲಸ ನನ್ನದು. ಉಂಡೆ ಒತ್ತಿದವಳು ಮಗಳು. ಹದಿನೆಂಟು ನಿಮಿಷವಾಗಿತ್ತು. ನಾನು ಗಡಿಯಾರವನ್ನೇ ನೋಡುತ್ತಿರಲು, ಹಜಾರದಲ್ಲಿ ಕುಳಿತಿದ್ದ ತಾಯಿಯವರು, "ಇಳಿಸು, ಆಯಿತು" ಎಂದರು. ಪುಸ್ತಕದ ಪ್ರಕಾರ ಇನ್ನೂ ಎರಡು ನಿಮಿಷ ಉಳಿದಿತ್ತು. ಇಳಿಸಿ ನೋಡಿದೆ, ಆಗಿತ್ತು. ವಾಸನೆ ಗೊತ್ತೆಂದು ಅವರು ಹೇಳಿದ್ದ ಮಾತು ನನಗೆ ಅರ್ಥವಾದದ್ದು ಆಗ.

ಆ ಸಂಜೆ ಕಾಫಿಯ ಹೊತ್ತಿಗೆ ಅವರ ತಟ್ಟೆಯಲ್ಲಿಯೂ ಒಂದು ನಾನ್‌ಖಟಾಯಿ ಇತ್ತು. ಮುರಿದು ಅರ್ಧವನ್ನು ಬಾಯಿಗೆ ಹಾಕಿಕೊಂಡರು. ನಾವೆಲ್ಲರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಗಳಂತೆ ನಿಂತಿದ್ದೆವು. "ಒಂದು ಚಿಟಿಕೆ ಉಪ್ಪು ಬೇಕಾಗಿತ್ತು" ಎಂದರು. ಹಾಗೆಂದು ಉಳಿದರ್ಧವನ್ನೂ ತಿಂದು, ಇನ್ನೊಂದಕ್ಕೆ ಕೈ ಚಾಚಿದರು. ಅಂದಿನಿಂದ ನಮ್ಮ ಮನೆಯ ಅಳತೆಯಲ್ಲಿ ಉಪ್ಪು ಸೇರಿದೆ. ನಿಮ್ಮ ಮನೆಯ ಅಳತೆಯಲ್ಲಿ ಏನು ಸೇರಬೇಕೆಂಬುದನ್ನು, ಹಜಾರದಲ್ಲಿ ಬರಿಯ ಲೋಟ ಹಿಡಿದು ಕುಳಿತವರು ಯಾರಾದರೂ ಇದ್ದರೆ, ಅವರನ್ನು ಕೇಳಿ ತಿಳಿದುಕೊಳ್ಳಿ.